ಸದ್ದು ಮಾಡದ ಮರಿ

ನಾಯಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಪ್ರೀತಿ, ನಿಯತ್ತು ಎಂದು ಶುರು ಮಾಡಿ ಕಣ್ಣೊರೆಸಿಕೊಂಡು ಮುಗಿಸುತ್ತಾರೆ. ನನಗೆ ನಾಯಿ ಎಂದರೆ ಮೊದಲು ನೆನಪಾಗುವುದು ನನ್ನ ಅಪ್ಪನ ಮೇಲಿನ ಸಿಟ್ಟು. ಇಷ್ಟು ವರ್ಷವಾದರೂ ಅದು ಆರಿಲ್ಲ. ಆರಿಸಬೇಕೆಂದು ನಾನು ಪ್ರಯತ್ನಪಟ್ಟೂ ಇಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮೂರು ಮುಳಬಾಗಿಲು ತಾಲ್ಲೂಕಿನಲ್ಲಿ, ಕುರುಡುಮಲೆಗೆ ನಡೆದೇ ಹೋಗಿಬರುವಷ್ಟು ದೂರದಲ್ಲಿತ್ತು. ಅಕ್ಕನನ್ನು ಮಾಲೂರಿಗೆ ಕೊಟ್ಟು ಆಗಿತ್ತು. ಮನೆಯಲ್ಲಿ ಉಳಿದವರು ಅಪ್ಪ, ಅಮ್ಮ, ನಾನು ಮತ್ತು ರೇಷ್ಮೆಹುಳು. ಹುಳುವನ್ನೂ ಮನೆಯವರ ಲೆಕ್ಕಕ್ಕೆ ಸೇರಿಸಿದ್ದಕ್ಕೆ ನಗಬೇಡಿ. ಮನೆಯ ಗಾಳಿ ಬೆಳಕಿರುವ ಅರ್ಧ ಭಾಗ ಅವುಗಳದು, ಒಲೆಯ ಹೊಗೆ ತುಂಬಿದ ಅರ್ಧ ನಮ್ಮದು. ಅಮ್ಮ ನಮಗೆ ಬಡಿಸುವುದನ್ನು ಮರೆತಾಳು, ಹುಳುವಿನ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುವುದನ್ನು ಮರೆತವಳಲ್ಲ.

ನಾನು ಹೈಸ್ಕೂಲಿಗೆ ಸೇರಿದ ವರ್ಷ ಅಪ್ಪನ ಕಣ್ಣು ಮಂಜಾಗತೊಡಗಿತು. ಕಣ್ಣಿನ ನರ ಒಣಗಿದೆ, ಇನ್ನು ವಾಪಸ್ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ಅಪ್ಪನಿಗೆ ಹಗಲು ರಾತ್ರಿ ಎರಡೂ ಒಂದೇ ಆಗಿತ್ತು. ಕಣ್ಣು ಹೋದರೆ ಮನುಷ್ಯ ಮೆತ್ತಗಾಗುತ್ತಾನೆ ಎನ್ನುತ್ತಾರೆ. ಅಪ್ಪ ಮೆತ್ತಗಾಗಲಿಲ್ಲ. ಮೊದಲು ಎದುರಿಗೆ ಸಿಕ್ಕವರನ್ನು ಬೈಯುತ್ತಿದ್ದವನು ಈಗ ಎದುರಿಗೆ ಯಾರಿದ್ದಾರೆಂದು ಗೊತ್ತಾಗದೆ ಎಲ್ಲರನ್ನೂ ಸೇರಿಸಿ ಬೈಯತೊಡಗಿದ.

ಕೋಲು ತಂದುಕೊಟ್ಟರೆ ಎಸೆದ. "ಕೋಲು ಹಿಡ್ಕೊಂಡು ಬೀದೀಲಿ ಹೋದ್ರೆ ಭಿಕ್ಷೆಯವನು ಅಂದ್ಕೋತಾರೆ," ಎಂದ. ಹಾಗಾಗಿ ನನ್ನ ಬಲಹೆಗಲೇ ಅವನ ಕೋಲಾಯಿತು. ತೋಟಕ್ಕೆ, ಅರಳಿಕಟ್ಟೆಗೆ, ಮುಳಬಾಗಿಲಿಗೆ, ರೇಷ್ಮೆಗೂಡು ಮಾರಲು ಕೋಲಾರಕ್ಕೆ, ಅಪ್ಪನ ಕೈ ನನ್ನ ಹೆಗಲ ಮೇಲೆ. ಸುಮ್ಮನೆ ಇಟ್ಟುಕೊಂಡ ಕೈಯಲ್ಲ ಅದು. ನಿಲ್ಲು ಎನ್ನಲು ಒತ್ತುತ್ತಿದ್ದ, ಹೊರಡು ಎನ್ನಲು ತಟ್ಟುತ್ತಿದ್ದ, ಹೂಡಿದ ಎತ್ತಿಗೆ ಮಾಡುವ ಹಾಗೆ. ನನ್ನ ರವಿಕೆಗಳೆಲ್ಲ ಬಲಹೆಗಲಲ್ಲೇ ಮೊದಲು ಸವೆದು ಹರಿಯುತ್ತಿದ್ದವು. ಅಮ್ಮ ಒಳಗಿನಿಂದ ತೇಪೆ ಹಾಕಿಕೊಡುತ್ತಿದ್ದಳು.

ದಾರಿಯಲ್ಲಿ ಯಾರಾದರೂ ನನ್ನನ್ನು ಏನಾದರೂ ಕೇಳಿದರೆ ಉತ್ತರ ಕೊಡುತ್ತಿದ್ದವನು ಅಪ್ಪನೇ. ಏನು ಓದಿದ್ದಾಳೆ, ಊಟ ಆಯಿತಾ, ಜ್ವರ ಬಿಟ್ಟಿತಾ, ಎಲ್ಲಕ್ಕೂ ಅವನೇ. "ನಿಮ್ಮ ಮಗಳು ಎಷ್ಟು ಸಾಧು, ಸದ್ದೇ ಇಲ್ಲ ನೋಡಿ," ಎಂದು ಜನ ಹೊಗಳಿದರೆ ಅಪ್ಪನ ಮುಖ ಅರಳುತ್ತಿತ್ತು. "ನಾನು ಬೆಳೆಸಿರೋದು ಹಂಗೆ," ಎನ್ನುತ್ತಿದ್ದ. ನನಗೆ ಒಳಗೆ ಕುದಿಯುತ್ತಿತ್ತು. ಆದರೆ ಆ ಕುದಿತಕ್ಕೂ ಸದ್ದಿರಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದೇ. ಕೋಲಾರಕ್ಕೆ ಹೋಗಿ, ಹಾಸ್ಟೆಲಿನಲ್ಲಿದ್ದು, ಟೀಚರ್ ಟ್ರೈನಿಂಗ್ ಮುಗಿಸುವುದು. ಮಾರ್ಕ್ಸು ಬಂದಿತ್ತು, ಹೈಸ್ಕೂಲಿನ ಮೇಷ್ಟರು ಮನೆಗೇ ಬಂದು ಸೀಟು ಸಿಗುತ್ತದೆ ಎಂದು ಹೇಳಿ ಹೋಗಿದ್ದರು. ಅಪ್ಪ ಅವರಿಗೆ ಕಾಫಿ ಕೊಡಿಸಿ ಕಳಿಸಿ, ಆಮೇಲೆ ನನ್ನ ಕಡೆ ತಿರುಗಿ, "ನೀನು ಹೋದ್ರೆ ನನ್ನ ಕರ್ಕೊಂಡು ಹೋಗೋರು ಯಾರೇ, ನಿಮ್ಮಜ್ಜೀನಾ?" ಎಂದ. ಅಜ್ಜಿ ಸತ್ತು ಎಷ್ಟೋ ಕಾಲವಾಗಿತ್ತು. ಆ ವರ್ಷ ನಾನು ಹೋಗಲಿಲ್ಲ.

ಆ ದೀಪಾವಳಿಯ ಹೊತ್ತಿಗೆ ನಮ್ಮ ನಾಯಿ ದನದ ಕೊಟ್ಟಿಗೆಯ ಮೂಲೆಯಲ್ಲಿ ಮರಿ ಹಾಕಿತು. ಬದುಕಿದ್ದು ಎರಡು, ಎರಡೂ ಗಂಡು. ಮನೆಯಲ್ಲಿ ಆಗ ಹುಳು ಮೇಯಿಸುತ್ತಿದ್ದೆವು. ರೇಷ್ಮೆ ಸಾಕುವವರ ಮನೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹುಳು ಇರುವಷ್ಟು ದಿನ ಹೊರಗಿನವರಿಗೆ ಬಾಗಿಲು ಬಂದ್. ಹೊಸಿಲಿಗೆ ಸುಣ್ಣದ ಪುಡಿ, ಬಾಗಿಲಿಗೆ ಬೇವಿನ ಸೊಪ್ಪು. ಯಾರ ಕಾಲಿನಲ್ಲಿ ಯಾವ ರೋಗ ಬರುತ್ತದೋ, ಯಾರ ಕಣ್ಣು ತಾಗುತ್ತದೋ ಎಂಬ ಭಯ. ಹುಳು ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಪೊರೆ ಬಿಡುವ ದಿನಗಳಿಗೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುತ್ತದೆ. ಜ್ವರಕ್ಕೆ ಕೂತಾಗ ಅಪ್ಪ ಪಾತ್ರೆ ಸದ್ದು ಮಾಡಲೂ ಬಿಡುತ್ತಿರಲಿಲ್ಲ. ಒಗ್ಗರಣೆ ಇಲ್ಲ, ಜೋರು ಮಾತಿಲ್ಲ, ನೆಂಟರಿಲ್ಲ. ನಾನು ಹೊರಗಾದ ದಿನಗಳಲ್ಲಂತೂ ಕೊಟ್ಟಿಗೆಯೇ ನನ್ನ ಮನೆ. ಮರಿಗಳು ಕಣ್ಣು ಬಿಟ್ಟು ನೋಡಿದ ಲೋಕ ಅಷ್ಟೇ: ಎರಡು ಹಸು, ಒಂದು ಗೋಡೆ, ಮತ್ತು ಬೈಸಿಕೊಂಡು ಮೂಲೆಯಲ್ಲಿ ಕೂತ ನಾನು.

ಆ ಬೆಳೆ ಗೂಡಾಗಿ ಮಾರಾಟವಾದ ಮೇಲೆ ಬಾಗಿಲು ತೆಗೆದೆವು. ಮರಿಗಳು ಆಗಲೇ ಓಡಾಡುತ್ತಿದ್ದವು. ಆ ಸಮಯಕ್ಕೆ ಸರಿಯಾಗಿ ಮಾಲೂರಿನಿಂದ ಭಾವ ಬಂದ. ಭಾವ ಮಿಲಿಟರಿಯಲ್ಲಿ ಅಡುಗೆಯವನು. ರಜೆಗೆ ಬಂದಾಗಲೆಲ್ಲ ಯುದ್ಧ ತಾನೊಬ್ಬನೇ ಮಾಡಿದ ಹಾಗೆ ಮಾತಾಡುತ್ತಿದ್ದ. ನನಗೆ ಆತನನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ಆತನ ಅಡುಗೆಮನೆಯ ಪಕ್ಕದಲ್ಲೇ ಮಿಲಿಟರಿ ನಾಯಿಗಳನ್ನು ಸಾಕುತ್ತಿದ್ದರಂತೆ, ಮತ್ತು ಜೀವಮಾನದಲ್ಲಿ ಆತ ಹೇಳಿದ ಒಂದೇ ನಿಜ ಆ ನಾಯಿಗಳ ವಿಚಾರ.

"ಮಾವಾ, ಫಾರಿನ್ನಲ್ಲಿ ಕಣ್ಣಿಲ್ಲದೋರನ್ನ ನಾಯೀನೇ ಕರ್ಕೊಂಡು ಓಡಾಡುತ್ತಂತೆ. ನಮ್ಮ ಸಾಹೇಬರು ಹೇಳ್ತಿದ್ರು," ಎಂದ ಭಾವ, ಜಗಲಿಯ ಮೇಲೆ ಕಾಲು ಚಾಚಿ.

ಅಪ್ಪ ನಕ್ಕುಬಿಡುತ್ತಾನೆ ಎಂದುಕೊಂಡೆ. ನಗಲಿಲ್ಲ. ನಾಯಿ ಹಿಡಿದು ನಡೆಯುವವನು ಜಮೀನ್ದಾರ, ಕೋಲು ಹಿಡಿದು ನಡೆಯುವವನು ಭಿಕ್ಷೆಯವನು ಎಂಬ ಲೆಕ್ಕ ಅವನದಿರಬೇಕು. ನಾನು ಹೆದರಿಕೆ ಬಿಟ್ಟು ಮಧ್ಯೆ ಬಾಯಿ ಹಾಕಿದೆ. ನಾಯಿ ಕಲಿತರೆ ನನ್ನನ್ನು ಕೋಲಾರಕ್ಕೆ ಕಳಿಸುತ್ತೀಯಾ ಎಂದು ಕೇಳಿದೆ. ಅಪ್ಪ ಷರತ್ತು ಹಾಕಿದ.

"ನಾಯಿ ನನ್ನನ್ನ ಕುರುಡುಮಲೆ ದೇವಸ್ಥಾನಕ್ಕೆ ಕರ್ಕೊಂಡು ಹೋಗಿ ವಾಪಸ್ ಮನೆ ಸೇರಿಸ್ಲಿ. ಸಂಕಷ್ಟಿ ದಿನ, ಜನ ಇರೋವಾಗ. ಆಗ ನೀನು ಎಲ್ಲಿಗಾದ್ರೂ ಹಾಳಾಗಿ ಹೋಗು. ಇಲ್ಲಾಂದ್ರೆ ಟ್ರೈನಿಂಗು ಗೀನಿಂಗು ಅಂತ ಮತ್ತೆ ಬಾಯಿ ತೆಗೀಬಾರದು."

ಒಪ್ಪಿಕೊಂಡೆ. ಒಪ್ಪದೆ ಬೇರೆ ದಾರಿಯೇ ಇರಲಿಲ್ಲ.

ಯಾವ ಮರಿ ಎಂದು ಆರಿಸಬೇಕಲ್ಲ. ಭಾವ ಎರಡನ್ನೂ ಅಂಗಳದಲ್ಲಿ ಬಿಟ್ಟು, ಹಿತ್ತಾಳೆ ತಂಬಿಗೆಯನ್ನು ಕಲ್ಲಿನ ಮೇಲೆ ಧಡಾರ್ ಎಂದು ಬೀಳಿಸಿದ. ಒಂದು ಮರಿ ಕಂಯ್ ಎಂದು ಕಿರುಚಿ ಬಾಲ ಮುದುರಿ ಓಡಿತು. ಅಷ್ಟು ದೂರ ಹೋಗಿ ನಿಂತು, ತಿರುಗಿ ನೋಡಿ, ಒಂದೊಂದೇ ಹೆಜ್ಜೆ ವಾಪಸ್ ಬಂದು ತಂಬಿಗೆಯನ್ನು ಮೂಸಿತು. ಆಮೇಲೆ ಅದರೊಳಗೆ ಮೂತಿ ತೂರಿಸಿ ಇನ್ನೇನಿದೆ ಎಂದು ಹುಡುಕಿತು. ಇನ್ನೊಂದು ಮರಿ ನಿಂತಲ್ಲೇ ಗೋಡೆಗೆ ಅಂಟಿಕೊಂಡು ಕೂತಿತು. ಕಿರುಚಲಿಲ್ಲ, ಓಡಲಿಲ್ಲ. ಕಣ್ಣು ಮಾತ್ರ ಅಗಲವಾಗಿತ್ತು, ಹೊಟ್ಟೆಯ ಕೆಳಗೆ ನೆಲ ಒದ್ದೆಯಾಗಿತ್ತು.

ಅಪ್ಪನಿಗೆ ಇದ್ಯಾವುದೂ ಕಾಣಲಿಲ್ಲ. ಅವನಿಗೆ ಕೇಳಿಸಿದ್ದು ಒಂದು ಮರಿ ಕಿರುಚಿದ್ದು, ಇನ್ನೊಂದು ಕಿರುಚದೆ ಇದ್ದದ್ದು.

"ಇದೇ ಸರಿ. ಹೆದರಲಿಲ್ಲ ನೋಡು, ಒಂದು ಸದ್ದಿಲ್ಲ," ಎಂದ.

"ಅಪ್ಪಾ, ಅದು ಹೆದರ್ಕೊಂಡು ಉಚ್ಚೆ ಹುಯ್ದಿದೆ," ಎಂದೆ.

"ಮರಿ ಅಂದ್ಮೇಲೆ ಹುಯ್ಯುತ್ತೆ. ನೀನು ಹುಯ್ದಿರಲಿಲ್ವಾ?"

ಭಾವ ಹೇಳಿ ನೋಡಿದ. "ಓಡಿ ಹೋಗಿದ್ದಕ್ಕೆ ತಪ್ಪು ಹಿಡೀಬಾರದು ಮಾವಾ, ವಾಪಸ್ ಬಂತಾ ಅಂತ ನೋಡ್ಬೇಕು. ಇನ್ನೊಂದು ಮಾತು, ಯಾವುದನ್ನೇ ಇಟ್ಕೊಳ್ಳಿ, ಹಾಲು ಬಿಡೋ ಈ ವಯಸ್ಸಲ್ಲೇ ನೂರು ಜನ ಮುಟ್ಲಿ. ಸಂತೆ, ಬಸ್ಸು, ಮಕ್ಕಳು, ತಮಟೆ, ಎಲ್ಲಾ ತೋರಿಸ್ಬೇಕು. ದೊಡ್ಡದಾದ್ಮೇಲೆ ತೋರಿಸಿದ್ರೆ ಪ್ರಯೋಜನ ಇಲ್ಲ."

"ಅಳಿಯಂದ್ರೇ, ಊರವರೆಲ್ಲ ಮುಟ್ಟಿದ ನಾಯಿ ಊರಿಗೇ ನಾಯಿ ಆಗುತ್ತೆ. ನನಗೆ ನನ್ನ ಕೈಯಲ್ಲಿ ತಿನ್ನೋ ನಾಯಿ ಬೇಕು," ಎಂದ ಅಪ್ಪ. ಕಿರುಚಿದ ಮರಿಗೆ ಪೋಲಿ ಎಂದೂ, ಸುಮ್ಮನಿದ್ದದ್ದಕ್ಕೆ ಸಾಧು ಎಂದೂ ಅವನೇ ಕರೆದ. ಜನ ನನಗೆ ಹೇಳುತ್ತಿದ್ದ ಮಾತನ್ನೇ ಎತ್ತಿ ಅದಕ್ಕೆ ಕೊಟ್ಟಿದ್ದ.

ಭಾವ ಹೋದ ವಾರದಲ್ಲೇ ಮುಂದಿನ ಬೆಳೆಗೆ ಹುಳು ತಂದರು, ಬಾಗಿಲು ಮತ್ತೆ ಬಂದ್ ಆಯಿತು. ಸಾಧು ಹುಳುಮನೆಯ ಹೊಸಿಲ ಬಳಿ ಕೂತರೆ ಕೂತಿತು. ಜ್ವರದ ದಿನಗಳಲ್ಲಿ ಅದರಷ್ಟು ಹೇಳಿಮಾಡಿಸಿದ ಪ್ರಾಣಿ ಇನ್ನೊಂದಿರಲಿಲ್ಲ. ಅಪ್ಪ ಅದಕ್ಕೆ ತನ್ನ ಕೈಯಿಂದಲೇ ರಾಗಿಮುದ್ದೆಯ ತುಣುಕು ತಿನ್ನಿಸುತ್ತಿದ್ದ. ನನಗೂ ಅಷ್ಟು ಪ್ರೀತಿಯಿಂದ ಯಾವತ್ತೂ ತಿನ್ನಿಸಿದವನಲ್ಲ. ಪೋಲಿ ಬಚ್ಚಲ ಮೋರಿಯಲ್ಲಿ ನುಸುಳಿ ದಿನಾ ಬೀದಿಗೆ ಹೋಗುತ್ತಿತ್ತು. ಕೆಸರು ಮೆತ್ತಿಕೊಂಡು ಬಂದು ಸುಣ್ಣದ ಹೊಸಿಲು ತುಳಿಯುತ್ತಿತ್ತು. ಒಂದು ದಿನ ಅಪ್ಪ ಅಮ್ಮನ ಕೈಯಲ್ಲಿ ಅದನ್ನು ಗೋಣಿಚೀಲಕ್ಕೆ ಹಾಕಿಸಿ ಹೊರಗೆ ಬಿಡಿಸಿದ. ಬಸ್ಸು ನಿಲ್ಲುವ ಕಡೆ ಹೋಟೆಲ್ ಇಟ್ಟಿದ್ದ ಹೆಂಗಸು ಅದನ್ನು ಇಟ್ಟುಕೊಂಡಳಂತೆ. ಶ್ರೀನಿವಾಸಪುರದ ಮಾವಿನ ಲಾರಿಗಳು, ಕ್ಲೀನರ್ ಹುಡುಗರು, ಹಾರ್ನು, ಬೋಂಡಾದ ಬಾಣಲೆ, ಹೋಗುವವರ ಬರುವವರ ಕಾಲು. ಅದು ಬೆಳೆದದ್ದು ಅಲ್ಲಿ.

ಸಾಧುವಿಗೆ ಕಲಿಸುವ ಕೆಲಸ ನನ್ನದಾಯಿತು. ಎತ್ತಿನ ಹಳೆಯ ಕೊರಳಪಟ್ಟಿ ಕತ್ತರಿಸಿ ಎದೆಗೆ ಕಟ್ಟಿದೆ, ಅದಕ್ಕೆ ಬಿದಿರಿನ ಗಟ್ಟಿ ಹಿಡಿ ಜೋಡಿಸಿದೆ. ಹಿತ್ತಲ ಬಾಗಿಲಿನಿಂದ ಸೊಪ್ಪಿನ ತೋಟಕ್ಕೆ, ಬದುವಿನ ಮೇಲೆ, ಬಾವಿಯ ಹತ್ತಿರ ನಿಂತು, ಮತ್ತೆ ವಾಪಸ್. ಮೊದಲು ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದೆ, ಆಮೇಲೆ ಅಪ್ಪನ ಕೈಗೆ ಕೊಟ್ಟೆ. ಸತ್ಯ ಹೇಳಬೇಕೆಂದರೆ ಸಾಧು ಚೆನ್ನಾಗಿ ಕಲಿಯಿತು. ಒಂದು ದಿನವೂ ಅಪ್ಪನನ್ನು ಬಾವಿಯ ಕಟ್ಟೆಗೆ ತಾಗಿಸಲಿಲ್ಲ. ನನ್ನ ಹೆಗಲು ಮೊದಲ ಸಲ ಹಗುರಾಯಿತು. ನಾನು ಮನಸ್ಸಿನಲ್ಲೇ ಟ್ರಂಕಿಗೆ ಬಟ್ಟೆ ಜೋಡಿಸತೊಡಗಿದೆ.

ಬೀದಿಗೂ ಕರೆದುಕೊಂಡು ಹೋಗೋಣ ಎಂದು ಕೇಳಿದಾಗಲೆಲ್ಲ ಅಪ್ಪ ಬೇಡ ಎಂದ. ಹುಳು ಇದೆ, ಯಾರ ಮನೆಯದನ್ನೋ ತುಳಿದು ಬರುತ್ತದೆ ಎಂದ. ಹುಳು ಇಲ್ಲದಾಗ, ಬೇರೆಯವರು ಏನಾದರೂ ತಿನ್ನಿಸುತ್ತಾರೆ ಎಂದ. ಅವನು ಬೇಕೆಂದೇ ಹಾಗೆ ಮಾಡಿದನೋ, ನಿಜವಾಗಿಯೂ ನಂಬಿದ್ದನೋ, ನನಗೆ ಇವತ್ತಿಗೂ ತೀರ್ಮಾನಕ್ಕೆ ಬರಲಾಗಿಲ್ಲ.

ಬೇಸಿಗೆಯಲ್ಲಿ ಬಂದ ಸಂಕಷ್ಟಿಗೆ ಹೊರಟೆವು. ಅಪ್ಪ ಒಗೆದ ಪಂಚೆ ಉಟ್ಟು, ಬಿದಿರಿನ ಹಿಡಿ ಹಿಡಿದು ಮುಂದೆ. ನಾನು ತೆಂಗಿನಕಾಯಿಯ ಚೀಲ ಹಿಡಿದು ಹಿಂದೆ. ಮುಟ್ಟಬಾರದು, ಮಾತಾಡಬಾರದು ಎಂದು ಕರಾರಾಗಿತ್ತು. ಊರು ದಾಟುವವರೆಗೂ ಸಾಧು ಸರಿಯಾಗಿಯೇ ನಡೆಯಿತು. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ಗಡಗಡ ಎನ್ನುತ್ತ ಪಕ್ಕದಲ್ಲಿ ಹಾದಾಗ ಅದು ಇದ್ದಕ್ಕಿದ್ದಂತೆ ಮೋರಿಯ ಕಡೆ ಸರಿಯಿತು, ಅಪ್ಪ ಎಡವಿದ. ಸಾಧುವಿನ ಕಿವಿ ತಲೆಗೆ ಅಂಟಿಕೊಂಡದ್ದು ನನಗೆ ಕಂಡಿತು.

ಕುರುಡುಮಲೆಯಲ್ಲಿ ಜನವೋ ಜನ. ಆಂಧ್ರದ ಕಡೆಯವರೂ ಬಂದಿದ್ದರು. ದೇವಸ್ಥಾನದ ಮುಂದೆ ಸಾಲು, ಗಂಟೆ, ಮಕ್ಕಳ ಗಲಾಟೆ, ಎಲ್ಲಿ ನೋಡಿದರೂ ಕಾಲು. ಸಾಧು ಒಂದೊಂದೇ ಹೆಜ್ಜೆಯನ್ನು ನೆಲದಿಂದ ಕಿತ್ತು ಇಡುವಂತೆ ನಡೆಯುತ್ತಿತ್ತು. ಅಷ್ಟರಲ್ಲಿ ಯಾರೋ ಹರಕೆಯವರು ಈಡುಗಾಯಿ ಒಡೆಯಲು ಶುರು ಮಾಡಿದರು. ಒಂದರ ಹಿಂದೆ ಒಂದು ತೆಂಗಿನಕಾಯಿ ಬಂಡೆಗೆ ಬಿದ್ದು ಸಿಡಿಯುತ್ತಿತ್ತು. ಚಿಪ್ಪು ಹಾರಿ ಬಂದು ನಾಯಿಯ ಕಾಲಿನ ಹತ್ತಿರ ಬಿತ್ತು. ಸಾಧು ಕುಸಿಯಿತು. ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು, ಕಣ್ಣು ಅಗಲ ಮಾಡಿಕೊಂಡು, ಅಂಗಳದಲ್ಲಿ ತಂಬಿಗೆ ಬಿದ್ದ ದಿನದ ಹಾಗೇ ಕೂತಿತು. ಸದ್ದು ಮಾತ್ರ ಇಲ್ಲ.

"ನಡಿ," ಎಂದ ಅಪ್ಪ. ಹಿಡಿ ಎಳೆದ. ಒದ್ದ. ಜನ ತಿರುಗಿ ನೋಡತೊಡಗಿದರು, ಯಾರೋ ನಕ್ಕರು. ಆ ನಗು ಅಪ್ಪನ ಕಿವಿಗೆ ಬಿತ್ತು. ಬಗ್ಗಿ ನಾಯಿಯ ಕುತ್ತಿಗೆ ಹಿಡಿದು ಎತ್ತಲು ಹೋದ. ದಿನಾ ಮುದ್ದೆ ತಿನ್ನಿಸಿದ ಅದೇ ಕೈಯನ್ನು ಸಾಧು ಕಚ್ಚಿಬಿಟ್ಟಿತು.

ರಕ್ತ ಪಂಚೆಯ ಮೇಲೆಲ್ಲ ಹನಿಯಿತು. ನಾನು ಸೆರಗು ಹರಿದು ಕಟ್ಟಲು ಹೋದೆ. ಬೈಯುತ್ತಾನೆ, ಊರೇ ಕೇಳುವ ಹಾಗೆ ಅರಚುತ್ತಾನೆ ಎಂದು ಕಾದೆ. ಅರಚಲಿಲ್ಲ. ಬಟ್ಟೆ ಕಟ್ಟಿಸಿಕೊಂಡು ನೆಟ್ಟಗೆ ನಿಂತು, ತಣ್ಣಗೆ, "ಆಯ್ತಲ್ಲ? ಈಗ ಹೆಗಲು ಕೊಡು," ಎಂದ.

ಆ ದನಿಯಲ್ಲಿ ನೋವಿರಲಿಲ್ಲ, ನೆಮ್ಮದಿ ಇತ್ತು. ಗೆದ್ದಿದ್ದ ಅವನು. ಕೈ ಕಚ್ಚಿಸಿಕೊಂಡು, ಜನರ ನಗು ಕೇಳಿಸಿಕೊಂಡು ಕೂಡ ಗೆದ್ದಿದ್ದ. ಆ ಕ್ಷಣ ನಾನು ಅವನನ್ನು ದ್ವೇಷಿಸಿದಷ್ಟು ಆಮೇಲೆ ಯಾರನ್ನೂ ದ್ವೇಷಿಸಿಲ್ಲ.

ಹೆಗಲು ಕೊಟ್ಟೆ. ಎಡಗೈಯಲ್ಲಿ ನಾಯಿಯ ಪಟ್ಟಿ, ಬಲಹೆಗಲ ಮೇಲೆ ಅಪ್ಪ. ಜನ ಕಡಿಮೆಯಾದ ಮೇಲೆ ಸಾಧು ಎದ್ದು ಏನೂ ಆಗಿಲ್ಲವೆಂಬಂತೆ ನಡೆಯಿತು. ಮನೆಯ ಹೊಸಿಲು ಬಂದಾಗ ಅಪ್ಪನ ಕೈಯನ್ನು ಎತ್ತಿ ಬಾಗಿಲ ಚೌಕಟ್ಟಿನ ಮೇಲೆ ಇಟ್ಟೆ.

"ಇಲ್ಲಿಗೆ ಮುಗೀತು. ಇನ್ಮೇಲೆ ಈ ಹೆಗಲು ನಿಂಗಿಲ್ಲ," ಎಂದೆ.

"ಏನಂದೆ?"

"ಕೇಳಿಸ್ತಲ್ಲ. ಕಣ್ಣು ಹೋಗಿರೋದು, ಕಿವಿ ಅಲ್ಲ."

ಅಪ್ಪ ಕೈ ಬೀಸಿದ. ನಾನು ಪಕ್ಕಕ್ಕೆ ಸರಿದೆ. ಏಟು ಗೋಡೆಗೆ ಬಿತ್ತು.

ಹೊಕ್ಕುಳ ಸುತ್ತ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಕು ಎಂದು ಊರವರೆಲ್ಲ ಹೇಳಿದರು. ಅಪ್ಪ ಹೋಗಲಿಲ್ಲ. ಅವನಿಗೂ ಏನೂ ಆಗಲಿಲ್ಲ, ನಾಯಿಗೂ ಏನೂ ಆಗಲಿಲ್ಲ. ಸಾಧುವನ್ನು ಹೊಡೆದು ಹಾಕಿ ಎಂದ. ಅಮ್ಮ ಕಿವಿಗೆ ಹಾಕಿಕೊಳ್ಳದೆ ಮನೆಯ ಹಿಂದೆ ಕಟ್ಟಿದಳು. ಮಾರನೆಯ ದಿನದಿಂದ ಅಪ್ಪ ಜಗಲಿಯಿಂದ ನನ್ನನ್ನು ಕೂಗುವುದು, ನಾನು ಒಳಗೆ ಸೊಪ್ಪು ಹೆಚ್ಚುತ್ತ ಕೂರುವುದು. ತೋಟಕ್ಕೆ ಹೋಗಲು ಒಬ್ಬನೇ ಎದ್ದು ಕಂಬಕ್ಕೆ ಹಣೆ ಬಡಿಸಿಕೊಂಡ. ನಾನು ಎದ್ದು ಹೋಗಲಿಲ್ಲ. ನೆಂಟರು ಹೇಳಿ ಕಳಿಸಿದರು, ನೆರೆಯವರು ಮುಖಕ್ಕೆ ಉಗಿದರು. ಸಾಧು ಹುಡುಗಿ ಎಂದು ಹೊಗಳುತ್ತಿದ್ದ ಬಾಯಿಗಳೇ ಅವೆಲ್ಲ. ಇವತ್ತಿಗೂ ನನಗೆ ಆ ದಿನಗಳ ಬಗ್ಗೆ ಪಶ್ಚಾತ್ತಾಪವಿಲ್ಲ.

ಕೊನೆಗೆ ಬಾಯಿ ಬಿಟ್ಟವಳು ಅಮ್ಮ. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಹುಳು ಬಿಡುತ್ತ, ತಲೆ ಎತ್ತದೆ, "ಹಣ್ಣಾದ ಹುಳೂನ ತಟ್ಟೇಲೇ ಇಟ್ಕೊಂಡ್ರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಹಾಳಾಗುತ್ತೆ. ನಿಮಗೆ ಗೊತ್ತಿಲ್ದಿರೋದಾ? ಅವಳನ್ನ ಕಳಿಸ್ರಿ," ಎಂದಳು. ಅಮ್ಮ ಅಪ್ಪನಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಾಧುವಿನ ಬದಲು ಅದಕ್ಕೆ ಕಲಿಸೋಣವೆಂದು ನಾನು ಬಸ್ ನಿಲ್ಲುವ ಕಡೆ ಹೋಗಿ ಪೋಲಿಯನ್ನು ಕೇಳಿದೆ. ಹೋಟೆಲಿನ ಹೆಂಗಸಿನ ಮಾತು ಅರ್ಧ ಕನ್ನಡ, ಅರ್ಧ ತೆಲುಗು.

"ತೀಸ್ಕೊಂಡು ಹೋಗಮ್ಮಾ, ನಂದೇನು ಹೋಗುತ್ತೆ? ಆದ್ರೆ ಬೆಳಗಾದ್ರೆ ಇಲ್ಲಿಗೇ ಬರುತ್ತೆ, ಚೂಸ್ಕೋ. ಬನ್ನಿನ ರುಚಿ ಹತ್ತಿದೆ ಕದಾ," ಎಂದಳು.

ಪೋಲಿ ನನ್ನನ್ನು ಮೂಸಿ, ಬಾಲ ಆಡಿಸಿ, ಹಿಂದೆಯೇ ಬಂತು. ಕೊರಳಪಟ್ಟಿ ಕಟ್ಟಿದರೆ ಅದನ್ನೂ ಮೂಸಿತು. ಲಾರಿ ಹಾರ್ನು ಕಿವಿಯ ಬುಡದಲ್ಲೇ ಹೊಡೆದರೂ ಒಂದು ಸಲ ಬೆಚ್ಚಿ, ಮತ್ತೆ ನಡೆಯುತ್ತಿತ್ತು. ಬಾವಿ, ಬದು, ಮೋರಿ ಎಲ್ಲವನ್ನೂ ಸಾಧುವಿಗಿಂತ ಬೇಗ ಕಲಿಯಿತು. ಅದರ ಚಾಳಿ ಒಂದೇ: ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬ ಮನುಷ್ಯನ ಮುಂದೆಯೂ ನಿಲ್ಲುವುದು. ಎಷ್ಟು ಗದರಿದರೂ ಅದನ್ನು ಬಿಡಿಸಲು ನನಗೆ ಆಗಲಿಲ್ಲ. ಎಲ್ಲರೂ ಅದಕ್ಕೆ ಬೇಕಾದವರೇ.

"ಲಾರಿಯವರ ಎಂಜಲು ತಿಂದ ನಾಯಿ," ಎಂದು ಅಪ್ಪ ಮೂಗು ಮುರಿದ. ಒಂದು ದಿನ ನಾನು ಬಿದಿರಿನ ಹಿಡಿಯನ್ನು ಅವನ ಕೈಗೆ ತಾಗುವಂತೆ ಇಟ್ಟು ಒಳಗೆ ಹೋದೆ. ಜಗಲಿಯಲ್ಲಿ ಕೂತು ಕೂತು ಅವನಿಗೂ ಸಾಕಾಗಿತ್ತೇನೋ. ಬಹಳ ಹೊತ್ತಾದ ಮೇಲೆ ಬಂದು ನೋಡಿದರೆ ಜಗಲಿ ಖಾಲಿ.

ಆಮೇಲೆ ನಡೆದದ್ದನ್ನು ನೆನೆದರೆ ಮಾತ್ರ ನನಗೆ ನಗು. ಅಪ್ಪ ಯಾರ್ಯಾರ ಜೊತೆ ಮಾತು ಬಿಟ್ಟಿದ್ದನೋ, ಪೋಲಿ ಅವರೆಲ್ಲರ ಮುಂದೆಯೂ ಅವನನ್ನು ತಂದು ನಿಲ್ಲಿಸಿತು. ಬದು ಜಗಳದವರು, ನೀರಿನ ಜಗಳದವರು, ಮದುವೆಗೆ ಕರೆಯಲಿಲ್ಲವೆಂದು ಮುನಿಸಿಕೊಂಡವರು. ಜನ ಮೊದಲು ನಾಯಿಯನ್ನು ಮಾತಾಡಿಸುತ್ತಿದ್ದರು, ಆಮೇಲೆ ವಿಧಿಯಿಲ್ಲದೆ ಅಪ್ಪನನ್ನು. ಅಪ್ಪ ಗುರ್ ಎನ್ನುತ್ತಿದ್ದ. ನಾಯಿ ಕದಲುತ್ತಿರಲಿಲ್ಲ. ಒಂದು ಮಾತಾದರೂ ಆಡದೆ ಅವನಿಗೆ ಮುಂದಕ್ಕೆ ಹೋಗುವಂತಿರಲಿಲ್ಲ. ಮುಂದಿನ ಸಂಕಷ್ಟಿಗೆ ಕುರುಡುಮಲೆಗೂ ಹೋಗಿ ಬಂದ. ಈಡುಗಾಯಿ ಸಿಡಿಯುವಾಗ ಪೋಲಿ ಕೊಬ್ಬರಿ ಚೂರಿಗೆ ಕಾಯುತ್ತ ನಿಂತಿತ್ತಂತೆ. ಬಂದವನು ನನಗೆ ಹೇಳಲಿಲ್ಲ. ಅಮ್ಮನಿಗೆ, "ಹೋಗ್ಲಿ ಅವಳು," ಎಂದನಂತೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಸೀಟು ಸಿಕ್ಕಿತು. ಹೊರಡುವ ದಿನ ನಾನು ಟ್ರಂಕು ಕೈಯಲ್ಲಿ ಹಿಡಿದು ಬಸ್ಸಿನ ಕಡೆ ಹೊರಟಾಗ ಅಪ್ಪ ಮನೆಯಲ್ಲಿರಲಿಲ್ಲ. ನಮಸ್ಕಾರ ಮಾಡುವ ಕಷ್ಟ ತಪ್ಪಿತು ಎಂದುಕೊಂಡೆ. ಹೋಗಿ ನೋಡಿದರೆ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದಾನೆ, ಕೈಯಲ್ಲಿ ಟೀ ಲೋಟ. ಹೋಟೆಲಿನ ನೀರನ್ನೂ ಮುಟ್ಟದಿದ್ದ ಮನುಷ್ಯ. ಪೋಲಿ ಅವನ ಕಾಲ ಬಳಿ ಬನ್ನು ತಿನ್ನುತ್ತಿತ್ತು.

"ನಿನ್ನ ಕಳಿಸೋಕೆ ಬಂದಿಲ್ಲ ನಾನು. ಈ ಮುಂಡೇದು ಎಳ್ಕೊಂಡು ಬಂತು," ಎಂದ.

"ಗೊತ್ತು," ಎಂದೆ.

ಹಿಂದೆ ಊರಿನ ತುದಿಯ ನಮ್ಮ ಮನೆಯಿಂದ ಸಾಧು ಬೊಗಳುವುದು ಕೇಳುತ್ತಿತ್ತು. ಕಟ್ಟಿದ ಮೇಲೆ ಅದು ಸದ್ದು ಕಲಿತಿತ್ತು. ಹೊರಗಿನ ಯಾರ ಹೆಜ್ಜೆ ಕೇಳಿದರೂ ಹುಚ್ಚು ಹಿಡಿದಂತೆ ಬೊಗಳುತ್ತಿತ್ತು. ಬಸ್ಸು ಬಂತು. ಹತ್ತಿ ಕೂತೆ, ತಿರುಗಿ ನೋಡಲಿಲ್ಲ. ಬಲಹೆಗಲಿಗೆ ಗಾಳಿ ತಾಗುತ್ತಿತ್ತು. ಮುಳಬಾಗಿಲಿನಲ್ಲಿ ಇಳಿದು ಬೇರೆ ಬಸ್ಸು ಹತ್ತಬೇಕಾಗಲಿಲ್ಲ, ಅದೇ ಬಸ್ಸು ಕೋಲಾರಕ್ಕೆ ಹೊರಟಿತು. ಗೆದ್ದೆ ಎಂದುಕೊಂಡೆ. ದಾರಿಯುದ್ದಕ್ಕೂ ಅದನ್ನೇ ಅಂದುಕೊಂಡೆ.

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಎಷ್ಟೋ ಸಲ ಬಂದ ಜಾಗ. ಬಸ್ಸುಗಳು ಹಾರ್ನು ಹೊಡೆಯುತ್ತ ಹಿಂದಕ್ಕೆ ಬರುತ್ತಿದ್ದವು, ಹಣ್ಣು ಮಾರುವವರು ಕೂಗುತ್ತಿದ್ದರು, ಜನ ನನ್ನ ಎರಡೂ ಕಡೆಯಿಂದ ಹಾದು ಹೋಗುತ್ತಿದ್ದರು. ಹೊರಡಬೇಕು ಎಂದುಕೊಂಡೆ. ಕಾಲು ಏಳಲಿಲ್ಲ. ಹೊರಡು ಎಂದು ತಟ್ಟಲು ಹೆಗಲ ಮೇಲೆ ಕೈ ಇರಲಿಲ್ಲ. ಹಿಂದಕ್ಕೆ ಸರಿದು ಗೋಡೆಗೆ ಬೆನ್ನು ಒತ್ತಿಕೊಂಡು ನಿಂತೆ. ಒಬ್ಬ ಕಂಡಕ್ಟರು, "ಎಲ್ಲಿಗಮ್ಮಾ ಹೋಗ್ಬೇಕು?" ಎಂದು ಕೇಳಿದ. ಉತ್ತರ ನನಗೆ ಗೊತ್ತಿತ್ತು. ಬಾಯಿ ಬರಲಿಲ್ಲ. ಆ ಊರಿನಲ್ಲಿ ಯಾರಿಗೂ ನಾನೇ ಉತ್ತರ ಕೊಟ್ಟು ಗೊತ್ತೇ ಇರಲಿಲ್ಲ. ಅವನು ಮತ್ತೊಮ್ಮೆ ಕೇಳಿ, ಮೂಗಿ ಎಂದುಕೊಂಡನೋ ಏನೋ, ಹೋದ. ನನ್ನ ಕಣ್ಣು ಅಗಲವಾಗಿರುವುದು ನನಗೇ ತಿಳಿಯುತ್ತಿತ್ತು. ನೋಡುವವರಿಗೆ ಎಷ್ಟು ಧೈರ್ಯವಾಗಿ ನಿಂತಿದ್ದಾಳೆ ಎನಿಸಿರಬೇಕು. ಹೆದರಲಿಲ್ಲ ನೋಡು, ಒಂದು ಸದ್ದಿಲ್ಲ. ನನ್ನನ್ನೂ ಬಾಗಿಲು ಹಾಕಿಯೇ ಬೆಳೆಸಿದ್ದ ಅಪ್ಪ.

ವಾಪಸ್ ಮುಳಬಾಗಿಲಿಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಅದು ಹೊರಡುವವರೆಗೂ ನಾನು ಹಾಗೇ ನಿಂತಿದ್ದೆ. ಅದು ಹೊರಟು ಹೋದ ಮೇಲೆ, ಯಾಕೆ ಹಾಗೆ ಮಾಡಿದೆನೋ ಆಗ ತಿಳಿಯಲಿಲ್ಲ, ಕೈಯಲ್ಲಿದ್ದ ಟ್ರಂಕನ್ನು ಎತ್ತಿ ಬಲಹೆಗಲ ಮೇಲೆ ಇಟ್ಟುಕೊಂಡೆ. ತಗಡಿನ ಅಂಚು ರವಿಕೆಯ ತೇಪೆಯ ಮೇಲೆ ಸರಿಯಾಗಿ ಕೂತಿತು. ಅಪ್ಪನ ಕೈಯಿದ್ದ ಜಾಗಕ್ಕೆ ಆ ಭಾರ ಬಿದ್ದ ಮೇಲೆಯೇ ಕಾಲು ಎದ್ದದ್ದು. ಹಾಸ್ಟೆಲಿನ ದಾರಿ ಕೇಳುತ್ತ, ಒಂದು ಕೈ ಮೇಲೆತ್ತಿ ಟ್ರಂಕನ್ನು ಒತ್ತಿ ಹಿಡಿದುಕೊಂಡು ನಡೆದೆ.

ಅಪ್ಪ ಈಗಿಲ್ಲ. ಉಳಿದ ಎಲ್ಲವನ್ನೂ ನಾನು ಅವನಿಗೆ ಮನ್ನಾ ಮಾಡಿದ್ದೇನೆ. ಆ ಟ್ರಂಕಿನ ಭಾರವೊಂದನ್ನು ಮಾತ್ರ ಇನ್ನೂ ಕ್ಷಮಿಸಿಲ್ಲ.